ಕಿಟಕಿ ಮುಚ್ಚಿ ಬಂದೂಕು ತೊಳೆದ ಕೈಗಳು

ನನ್ನ ಕೈಗೆ ಏನಾಗಿತ್ತೆಂದು ಕೇಳಿದವರಿಗೆಲ್ಲ ಬಹಳ ವರ್ಷ ‘ವಾಯು ಹಿಡಿದಿತ್ತು’ ಎಂದೇ ಹೇಳಿಕೊಂಡು ಬಂದೆ. ವಾಯು ಎಂದರೆ ಯಾರೂ ಮುಂದೆ ಕೇಳುವುದಿಲ್ಲ, ತಮ್ಮ ಮಂಡಿನೋವಿನ ಕಥೆ ಶುರು ಮಾಡುತ್ತಾರೆ. ಮೊನ್ನೆ ಹಗರಿಬೊಮ್ಮನಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಹುಡುಕಿಕೊಂಡು ಬಂದಳು. ಗ್ಯಾರೇಜಿನಲ್ಲಿ ದುಡಿಯುವ ಅವಳ ಗಂಡನ ಪಾದಗಳಿಗೆ ಜೋಮು ಹಿಡಿದಿದೆಯಂತೆ. ನಿಮಗೂ ಹೀಗೇ ಆಗಿತ್ತಂತೆ ಹೌದೇ ಎಂದು ಅವಳು ಕೇಳಿದಾಗ, ವಾಯು ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾಚಿಕೆ ಇನ್ನೂ ಹೋಗಿಲ್ಲ. ಅದು ಹೋದ ಮೇಲೆ ಬರೆದರಾಯಿತು ಎಂದು ಕುಳಿತರೆ ಅದಕ್ಕಿಂತ ಮೊದಲು ನಾನೇ ಹೋಗಿಬಿಡುತ್ತೇನೆ.

ನಮ್ಮದು ಕೂಡ್ಲಿಗಿ, ಕಮ್ಮಾರರ ಮನೆತನ. ನನ್ನ ಗಂಡ ಈರಣ್ಣನವರು ಬಂದೂಕು ರಿಪೇರಿ ಮಾಡುತ್ತಿದ್ದರು. ನಮ್ಮ ಮಾವನದೂ ಅದೇ ಕಸುಬು. ಈ ಕಡೆ ಗುಡ್ಡದಂಚಿನ ಹೊಲಗಳಿಗೆ ಕರಡಿ, ಹಂದಿ ನುಗ್ಗುತ್ತವೆ. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಬಂದೂಕುಗಳು ಆಗ ಊರೂರಲ್ಲೂ ಇದ್ದವು. ಮಹಾನವಮಿಯ ಆಯುಧ ಪೂಜೆಗೆ ಅವಕ್ಕೆ ವಿಭೂತಿ ಬಳಿದು ಚೆಂಡುಹೂವು ಏರಿಸುತ್ತಾರೆ. ಅದಕ್ಕೆ ಮುಂಚೆ ಅವೆಲ್ಲ ನಮ್ಮ ಅಂಗಡಿಗೆ ಬಂದು ಒಳಗೂ ಹೊರಗೂ ತೊಳೆಸಿಕೊಂಡು ಹೋಗಬೇಕು. ಹಾಗೆ ತೊಳೆಯಲು ಕೊಟ್ಟ ಬಂದೂಕನ್ನು ಪೂಜೆ ಮುಗಿಯುವ ತನಕ ಹೆಂಗಸರು ಮುಟ್ಟಕೂಡದು ಎಂಬುದು ನಮ್ಮ ಗಿರಾಕಿಗಳಾದ ಗೌಡರ ಮನೆಗಳ ಕಟ್ಟಳೆ. ನಮ್ಮ ಮನೆಯಲ್ಲಿ ಅವನ್ನು ತೊಳೆಯುತ್ತಿದ್ದವಳು ನಾನು.

ಮಾವನವರು ಇರುವತನಕ ತೊಳೆಯುವ ಕೆಲಸ ಅವರದಾಗಿತ್ತು. ಅವರು ತೀರಿಕೊಂಡ ಮೇಲೆ ನಮ್ಮವರು ಒಬ್ಬರೇ ಗುಂಡು ಸಿಡಿಸುವ ಕುದುರೆ, ಸ್ಪ್ರಿಂಗು ನೋಡುವುದೋ ನಳಿಗೆ ಉಜ್ಜುವುದೋ ಎಂದು ಒದ್ದಾಡುವುದನ್ನು ನೋಡಲಾರದೆ, ‘ಬಾಂಡಿ ತಿಕ್ಕೋ ಕೈಗೆ ಇದೇನು ಹೆಚ್ಚಿಂದ್ರಿ, ಕೊಡ್ರಿ ಇಲ್ಲೆ’ ಎಂದು ನಾನೇ ಕೈ ಹಾಕಿದೆ. ಯಾರೂ ಬಲವಂತ ಮಾಡಲಿಲ್ಲ. ನಮ್ಮತ್ತೆ ಮಾತ್ರ ಒಂದು ಷರತ್ತು ಹಾಕಿದರು.

‘ಹಿಂದಿನ ಕೋಣ್ಯಾಗ ಕುಂತು ಮಾಡು. ಕಿಡಕಿ ಹಾಕ್ಕೋ, ಬಾಗಲಾ ಹಾಕ್ಕೋ. ಯಾರರ ನೋಡಿದ್ರ ನಾಳಿಂದ ಒಂದು ಬಂದೂಕೂ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲ ನೋಡವ್ವಾ.’

ಹಾಗಾಗಿ ಕಿಟಕಿ ಮುಚ್ಚಿತು. ಅಂಗಡಿಯ ಮುಂದೆ ಗಿರಾಕಿ ಕುಳಿತು ಚಹಾ ಕುಡಿಯುತ್ತಿದ್ದರೆ, ಒಳಗೆ ಕಬ್ಬಿಣದ ಬುಟ್ಟಿಯಲ್ಲಿ ಅವರದೇ ನಳಿಗೆ ನೆನೆಹಾಕಿಕೊಂಡು ನಾನು ಸರಳಿಗೆ ಬಟ್ಟೆ ಸುತ್ತಿ ಉಜ್ಜುತ್ತಿದ್ದೆ. ಬೆಳಕಿಗೆ ಹಿಡಿದರೆ ನಳಿಗೆಯೊಳಗೆ ಬೆಳ್ಳಿಯ ಹಾಗೆ ಹೊಳೆಯಬೇಕು, ಅಲ್ಲಿಯತನಕ ಬಿಡುತ್ತಿರಲಿಲ್ಲ. ‘ಈರಣ್ಣನ ಕೈಗುಣ ಅಪ್ಪಗಿಂತ ಚೊಲೋ ಐತಿ’ ಎಂದು ಹೊರಗಿನಿಂದ ಮಾತು ಕೇಳಿದರೆ ಒಳಗೆ ನನಗೊಬ್ಬಳಿಗೇ ನಗು. ಆ ಹೆಮ್ಮೆ ನನ್ನನ್ನು ಎಷ್ಟು ತಿಂದಿತು ಎಂಬುದು ಆಮೇಲೆ ಗೊತ್ತಾಯಿತು.

ಮೊದಲು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಅದರ ಜಿಡ್ಡು ಬೇಗ ಹೋಗುವುದಿಲ್ಲ. ಶೇಂಗಾ ಹಿಂಡಿಯಿಂದ ಉಳಿದ ಎಣ್ಣೆ ತೆಗೆಯುವ ಮಿಲ್ಲುಗಳಲ್ಲಿ ಬಳಸುವ ಸಾಲ್ವೆಂಟು ಎಂಬ ದ್ರವವನ್ನು ಒಬ್ಬ ಲಾರಿ ಡ್ರೈವರ್ ಒಂದು ಡಬ್ಬದಲ್ಲಿ ತಂದುಕೊಟ್ಟ. ನೀರಿನಷ್ಟು ತಿಳಿ, ಪೆಟ್ರೋಲಿನಂಥ ವಾಸನೆ. ಅದರಲ್ಲಿ ಅದ್ದಿದರೆ ಹಳೆಯ ಮದ್ದಿನ ಕರಿ, ಗ್ರೀಸು ಎಲ್ಲ ಬಿಟ್ಟುಕೊಂಡು, ನೋಡುನೋಡುತ್ತಲೇ ಒಣಗಿಬಿಡುತ್ತಿತ್ತು. ಇಷ್ಟು ವರ್ಷ ಸುಮ್ಮನೆ ಕೈ ಸವೆಸಿದೆವಲ್ಲ ಎನ್ನಿಸಿತು. ಕೆಲಸ ಮುಗಿದ ಮೇಲೆ ಬೆರಳಿನ ಕರಿ ಹೋಗಲೆಂದು ಅದರಲ್ಲೇ ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಏಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಚುನಾವಣೆ ಬಂತು. ಚುನಾವಣೆ ಎಂದರೆ ಎಲ್ಲರ ಬಂದೂಕೂ ಪೊಲೀಸ್ ಠಾಣೆಯಲ್ಲಿ ಜಮೆಯಾಗಬೇಕು. ಅಲ್ಲಿ ಗೋಡೆಗೆ ಒರಗಿಸಿಟ್ಟ ಬಂದೂಕುಗಳು ತುಕ್ಕು ಹಿಡಿದು ವಾಪಸು ಬಂದವು. ಅವು ಮುಗಿಯುವಷ್ಟರಲ್ಲಿ ರಿಪೇರಿಗೆ ಬರುವ ಮಳೆಗಾಲದ ಔಷಧಿ ಹೊಡೆಯುವ ಸ್ಪ್ರೇಯರ್ ಪಂಪುಗಳು, ಅವುಗಳ ಹಿಂದೆಯೇ ಮಹಾನವಮಿಗೆಂದು ಮತ್ತೆ ಬಂದೂಕು. ಬೇಸಿಗೆಯಿಂದ ನವಮಿಯ ಹೊಸ್ತಿಲತನಕ ದಿನವೂ ನಾನು ಆ ಮುಚ್ಚಿದ ಕೋಣೆಯಲ್ಲೇ ಇದ್ದೆ. ತಲೆ ಸುತ್ತುತ್ತಿತ್ತು, ಕೆಲವು ಸಲ ಕಾರಣವಿಲ್ಲದೆ ಹಗುರವಾದಂತಾಗುತ್ತಿತ್ತು. ಸೆಕೆಗೆ ಇರಬೇಕೆಂದುಕೊಂಡೆ.

ಮೊದಲು ಸುದ್ದಿ ಕೊಟ್ಟದ್ದು ಕಾಲು. ಸಂತೆಗೆ ಹೋಗಿ ಬರುವಾಗ ಹಿಂದಿನಿಂದ ಯಾರೋ ‘ಯವ್ವಾ, ಚಪ್ಲಿ ಬಿಟ್ಟು ಹೊಂಟೀದಿ ನೋಡು’ ಎಂದರು. ತಿರುಗಿ ನೋಡಿದರೆ ಒಂದು ಚಪ್ಪಲಿ ಹತ್ತು ಮಾರು ಹಿಂದೆ ಬಿದ್ದಿದೆ. ಅದು ಕಳಚಿದ್ದು ಕಾಲಿಗೆ ತಿಳಿದೇ ಇಲ್ಲ. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆಮೇಲೆ ಬೆರಳ ತುದಿಗಳು ಮರಗಟ್ಟಿದವು. ಕುಪ್ಪಸದ ಗುಂಡಿ ಸಿಗುತ್ತಿರಲಿಲ್ಲ. ರೊಟ್ಟಿ ದಪ್ಪವಾಗತೊಡಗಿತು. ನಾನು ಬಡಿದ ರೊಟ್ಟಿಯ ಆಚೆ ಮುಖ ಕಾಣುತ್ತದೆ ಎಂದು ತವರಲ್ಲಿ ಹೇಳಿಸಿಕೊಂಡವಳು ನಾನು. ಈಗ ತಟ್ಟಿದ್ದು ಅಂಚು ಹರಿದು ನಕ್ಷೆಯಂತೆ ಬರುತ್ತಿತ್ತು. ನಮ್ಮವರು ಅದನ್ನೇ ಮುರಿದುಕೊಂಡು ತಿನ್ನುತ್ತಿದ್ದರು. ಅವರು ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಶಾಂತಮ್ಮ ಹೆಪ್ಪು ಕೇಳಲು ಬಂದವಳು ಬಾಗಿಲಲ್ಲೇ ಚೀರಿದಳು. ನನ್ನ ಎಡಗೈ ಕಾದ ರೊಟ್ಟಿಹೆಂಚಿನ ಅಂಚಿನ ಮೇಲಿತ್ತು. ಚರ್ಮ ಸುಟ್ಟ ವಾಸನೆ ಅವಳಿಗೆ ಬಂದಿತ್ತು, ನನಗೆ ನೋವೇ ಇರಲಿಲ್ಲ.

‘ಸುಟ್ಟದ್ದು ಗೊತ್ತಾಗ್ಲಿಲ್ಲೇನs ಕಾಳವ್ವಾ?’ ಎಂದಳು. ಕೈ ಹಿಡಿದು ನೋಡಲು ಬಂದವಳು ಅರ್ಧಕ್ಕೇ ನಿಂತಳು. ಹೆಪ್ಪಿನ ಬಟ್ಟಲು ಅಲ್ಲೇ ಬಿಟ್ಟು ಹೋದಳು.

ಅವಳು ಬಾಯಲ್ಲಿ ಆಡದಿದ್ದ ಹೆಸರು ಸಂಜೆಯೊಳಗೆ ಓಣಿ ತುಂಬ ಹರಡಿತ್ತು. ದೊಡ್ಡ ರೋಗ. ನಮ್ಮ ಕಡೆ ಕುಷ್ಠಕ್ಕೆ ಹಾಗೆನ್ನುತ್ತಾರೆ. ನೀರಿನ ನಲ್ಲಿಯ ಹತ್ತಿರ ನಾನು ಹೋದರೆ ಕೊಡಗಳು ಸರಿದು ಜಾಗವಾಗುತ್ತಿತ್ತು. ಅತ್ತೆ ನನ್ನ ತಟ್ಟೆ ಲೋಟವನ್ನು ಬೇರೆ ಗೂಡಿನಲ್ಲಿ ಇಟ್ಟರು. ಕೋಪದಿಂದ ಇಡಲಿಲ್ಲ, ಅಳುತ್ತಲೇ ಇಟ್ಟರು. ಸರಕಾರಿ ಆಸ್ಪತ್ರೆಯವರು ಬಂದು ಗರಿ ಆಡಿಸಿ, ಪೆನ್ನು ಚುಚ್ಚಿ, ಮೈಯೆಲ್ಲ ಹುಡುಕಿ, ‘ಕಲೆ ಇಲ್ಲ, ಇದು ಅದಲ್ಲ ಅನ್ನಿಸ್ತೈತಿ, ದಾವಣಗೆರಿಗೆ ತೋರಿಸ್ರಿ’ ಎಂದರು. ಓಣಿಗೆ ಅದು ಕೇಳಿಸಲಿಲ್ಲ.

ಅತ್ತೆಗೆ ಬೇರೆಯೇ ಅನುಮಾನವಿತ್ತು. ‘ಮುಟ್ಟಬಾರದ್ದು ಮುಟ್ಟಿದ್ದಕ್ಕ ಆ ದೇವಿ ಮುನಿಸ್ಕೊಂಡಾಳ’ ಎಂದರು. ಅವರಿಗೂ ಗೊತ್ತಿಲ್ಲದ ಒಂದು ಸಂಗತಿ ನನ್ನೊಳಗಿತ್ತು. ಕೆಲಸದ ಆತುರದಲ್ಲಿ, ಮುಟ್ಟಾದ ದಿನಗಳಲ್ಲೂ ನಾನು ಆ ಕೋಣೆಗೆ ಹೋಗಿ ಕುಳಿತಿದ್ದೆ. ಪೂಜೆಗೆ ಹೋಗುವ ಬಂದೂಕುಗಳನ್ನು ಆ ಕೈಯಲ್ಲೇ ತೊಳೆದಿದ್ದೆ. ಎಸ್ಸೆಸ್ಸೆಲ್ಸಿ ಓದಿದವಳು, ಹಾಗೆಲ್ಲ ಇಲ್ಲ ಎಂದು ಬಾಯಲ್ಲಿ ಅನ್ನಬಲ್ಲೆ. ಕೈಯೇ ಸುಟ್ಟದ್ದು ತಿಳಿಯದಂತಾದಾಗ ಓದಿದ್ದು ಯಾವುದೂ ನೆನಪಿಗೆ ಬರಲಿಲ್ಲ. ನನಗೆ ಬಂದದ್ದು ಶಿಕ್ಷೆ ಎಂದು ನಂಬಿದೆ. ಶಿಕ್ಷೆ ಎಂದ ಮೇಲೆ ಯಾರ ಹತ್ತಿರ ಹೇಳಿಕೊಳ್ಳುವುದು?

ಅಷ್ಟೆಲ್ಲ ಆದರೂ, ಬೆರಳು ಮಡಚಲು ಬರುವಷ್ಟು ದಿನ, ನಾನು ಬಂದೂಕು ತೊಳೆಯುವುದನ್ನು ನಿಲ್ಲಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ದಾವಣಗೆರೆಗೆ ಹೋಗಬೇಕು, ಬಸ್ಸಿನ ಮೆಟ್ಟಿಲು ಹತ್ತಲು ಕಾಲು ಏಳುವುದಿಲ್ಲ. ಆಗ ಜೀಪು ಕೊಡಲು ಬಂದವರು ಬಸನಗೌಡರು. ಗುಡ್ಡದ ಕಡೆಯ ಹಳ್ಳಿಯವರು, ನಮ್ಮ ಅತಿ ಹಳೆಯ ಗಿರಾಕಿ, ನಮ್ಮ ಮಾವನ ಕಾಲದಿಂದ ಬರುತ್ತಿದ್ದವರು. ಅವರ ಜೋಡುನಳಿಗೆ ಬಂದೂಕು ಆಗಲೂ ನಮ್ಮ ಹಿಂದಿನ ಕೋಣೆಯಲ್ಲೇ ಇತ್ತು. ‘ಓಣಿಯವ್ರ ಮಾತು ತಲಿಗೆ ಹಾಕ್ಕೋಬ್ಯಾಡ ತಂಗಿ, ಡಾಕ್ಟ್ರು ಹೇಳೋತನಕ ಯಾವ ರೋಗಾನೂ ಇಲ್ಲ’ ಎಂದು ತಾವೇ ಜೀಪು ಓಡಿಸಿಕೊಂಡು ಬಂದರು. ಕೊಟ್ಟೂರು, ಹರಪನಹಳ್ಳಿ ದಾಟುವಾಗ ಹಿಂದಿನ ಸೀಟಿನಲ್ಲಿ ಕುಳಿತು ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಇಷ್ಟು ಒಳ್ಳೆಯ ಮನುಷ್ಯನಿಗೆ ಎಷ್ಟು ವರ್ಷದಿಂದ ಮೋಸ ಮಾಡುತ್ತಿದ್ದೇನೆ ಎಂದು ಲೆಕ್ಕ ಹಾಕುತ್ತಿದ್ದೆ.

ಆಸ್ಪತ್ರೆಯ ನರರೋಗ ವಿಭಾಗದ ಮುಂದೆ ಕಲ್ಲಿನ ಬೆಂಚುಗಳು. ಬಾಯಿ ಓರೆಯಾದವರು, ಕೈ ನಡುಗುವವರು, ಫಿಟ್ಸ್ ಬರುವ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡ ತಾಯಂದಿರು. ನಾನು ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಂಡು ಕುಳಿತಿದ್ದೆ. ಹೆಸರು ಕೂಗಿದಾಗ ಎದ್ದರೆ ಚಪ್ಪಲಿ ಅಲ್ಲೇ ಉಳಿಯಿತು. ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು, ಯಾರ ಕಡೆಯವಳೋ, ಬಗ್ಗಿ ನನ್ನ ಪಾದ ಹಿಡಿದು ಚಪ್ಪಲಿಗೆ ತೂರಿಸಿ, ‘ಹೂಂ, ನಡಿಯಮ್ಮ’ ಎಂದಳು. ಎಷ್ಟೋ ದಿನಗಳಿಂದ ಮನೆಯವರಲ್ಲದವರು ಯಾರೂ ನನ್ನನ್ನು ಮುಟ್ಟಿರಲಿಲ್ಲ. ಮುಟ್ಟಿದ್ದು ಪಾದಕ್ಕೆ ತಿಳಿಯಲಿಲ್ಲ, ಆದರೆ ಕಣ್ಣು ತುಂಬಿತು.

ಡಾಕ್ಟರ್ ಹೆಂಗಸು, ನನ್ನ ವಯಸ್ಸಿನವರೇ. ಕೈಕಾಲುಗಳಿಗೆ ಕರೆಂಟು ಕೊಟ್ಟು ಪರೀಕ್ಷೆ ಮಾಡಿಸಿದ್ದರು. ಅದನ್ನೆಲ್ಲ ನೋಡಿ, ‘ಕುಷ್ಠ ಅಲ್ಲಮ್ಮ, ಸಕ್ಕರೆ ಕಾಯಿಲೆನೂ ಇಲ್ಲ’ ಎಂದರು. ನಮ್ಮವರೂ ಗೌಡರೂ ನನ್ನ ಹಿಂದೆ ನಿಂತಿದ್ದರು. ಗೌಡರು ‘ನಾ ಹೇಳ್ಲಿಲ್ಲೇನು’ ಎಂದು ನಮ್ಮವರ ಭುಜ ತಟ್ಟಿದರು. ಡಾಕ್ಟರ್ ಮುಖದಲ್ಲಿ ಮಾತ್ರ ಸಮಾಧಾನ ಕಾಣಲಿಲ್ಲ.

‘ಏನು ಕೆಲಸ ಮಾಡ್ತೀಯಾ?’

‘ಮನಿಗೆಲಸರಿ. ರೊಟ್ಟಿ, ಬಾಂಡಿ, ಬಟ್ಟಿ.’

‘ಬೇರೆ? ಅಂಟು ಹಚ್ಚೋದು, ಬಣ್ಣ ಬಳಿಯೋದು, ಪೆಟ್ರೋಲ್ ತರ ವಾಸನೆ ಬರೋದನ್ನ ಏನಾದ್ರೂ ಮುಟ್ತೀಯಾ?’

ನಾನು ನಮ್ಮವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. ನನ್ನ ಪರವಾಗಿ ಉತ್ತರ ಕೊಟ್ಟವರು ಗೌಡರು.

‘ಇಲ್ರಿ ಡಾಕ್ಟ್ರೆ, ಇಕಿ ಮನಿ ಬಿಟ್ಟು ಹೊರಗ ಬರೋ ಹೆಣ್ಣಮಗಳೇ ಅಲ್ಲ. ಅಂಥಾ ಕೆಲಸ ಇಕಿಗ್ಯಾಕ ಬರ್ತೈತ್ರಿ?’

ಹೊಗಳಿಕೆಯ ಮಾತು ಅದು. ಅದನ್ನು ಕೇಳಿ ನಾನು ತಲೆ ಆಡಿಸಿಬಿಟ್ಟೆ. ಹೌದು, ಹೊರಗೆ ಬರುವವಳಲ್ಲ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ‘ಏನೋ ಒಂದು ವಿಷ ದಿನಾ ಮೈಯೊಳಗೆ ಹೋಗಿದೆ. ಅದೇನು ಅಂತ ಗೊತ್ತಾಗದಿದ್ರೆ ನಾನು ಸುಮ್ನೆ ಶಕ್ತಿ ಮಾತ್ರೆ ಬರೆದುಕೊಡಬೇಕಾಗುತ್ತೆ. ಅದು ನಿಲ್ಲದಿದ್ರೆ ಈ ಕೈಕಾಲು ವಾಪಸ್ ಬರಲ್ಲಮ್ಮ.’

ಮತ್ತೆ ನಮ್ಮವರನ್ನು ನೋಡಿದೆ. ಇನ್ನೂ ಕ್ಯಾಲೆಂಡರ್. ಊರಿಗೆ ಹೋದರೆ ಆ ಕೋಣೆ, ಆ ಬುಟ್ಟಿ, ನವಮಿಗೆ ಮುಂಚೆ ಮುಗಿಸಬೇಕಾದ ನಳಿಗೆಗಳು ಕಾಯುತ್ತಿದ್ದವು. ನಾನು ಹೋಗಿ ಕೂರುವವಳೇ. ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದು ನೆನಪಾದಾಗ ಆದ ಭಯ ನಾಚಿಕೆಗಿಂತ ದೊಡ್ಡದಿತ್ತು.

‘ಬಂದೂಕು ತೊಳೀತೀನ್ರಿ’ ಎಂದೆ.

‘ಏನು?’

ಎರಡನೆಯ ಸಲ ಹೇಳಬೇಕಾಯಿತು. ಮೊದಲನೆಯದಕ್ಕಿಂತ ಅದು ಕಷ್ಟ. ‘ಬಂದೂಕು ತೊಳೀತೀನ್ರಿ. ಸಾಲ್ವೆಂಟಿನ್ಯಾಗ. ಬರಿಗೈಲೆ. ಬಾಗಲಾ ಕಿಡಕಿ ಎಲ್ಲಾ ಹಾಕ್ಕೊಂಡು.’

ಹಿಂದೆ ಗೌಡರ ಚಪ್ಪಲಿ ಸದ್ದು ಮಾಡಿತು. ಅವರು ಹೊರಗೆ ಹೋದರು.

ಅವರು ಹೋದ ಮೇಲೆ ಡಾಕ್ಟರ್ ಎಲ್ಲವನ್ನೂ ಬಿಡಿಸಿ ಕೇಳಿ, ‘ಆ ಸಾಲ್ವೆಂಟೇ ನಿನ್ನ ನರಗಳನ್ನ ತಿಂದಿದೆ’ ಎಂದರು. ಆ ಡಬ್ಬ ಮನೆಯೊಳಗೆ ಇರಲೇಕೂಡದು ಎಂದು ನಮ್ಮವರಿಗೆ ಖಡಾಖಂಡಿತ ಹೇಳಿದರು. ತೊಳೆಯುವುದಾದರೆ ಗಾಳಿಯಾಡುವ ಬಯಲಲ್ಲಿ, ಒಲೆ ಬೆಂಕಿಯಿಂದ ದೂರ ಕೂತು ತೊಳೆಯಬೇಕು. ಇಂಥ ದ್ರವವನ್ನು ತಡೆಯುವ ದಪ್ಪ ಗ್ಲೌಸು ಬೇಕು, ಪಾತ್ರೆ ತಿಕ್ಕುವ ತೆಳು ಗ್ಲೌಸು ಆಗದು. ನೆನೆದ ಬಟ್ಟೆ ಒಳಗೆ ಒಣಹಾಕಬಾರದು, ಕೈ ತೊಳೆಯಲು ಸೋಪು ಬಿಟ್ಟು ಬೇರೇನೂ ಬಳಸಬಾರದು. ‘ಬಿಟ್ಟ ಮೇಲೂ ಕೆಲವು ದಿನ ಹೆಚ್ಚಾಗುತ್ತೆ. ಹೆದರಿಕೊಂಡು ತಾಯತ ಕಟ್ಟಿಸೋಕೆ ಹೋಗಬೇಡ’ ಎಂದು ನನಗೆ ಹೇಳಿದರು.

ನಮ್ಮವರು ಔಷಧಿ ತರಲು ಹೋದಾಗ ಒಳಗಿದ್ದ ಇನ್ನೊಂದನ್ನೂ ಕೇಳಿಬಿಟ್ಟೆ. ‘ಮುಟ್ಟಾದಾಗ್ಲೂ ಮುಟ್ಟೀನ್ರಿ. ಅದಕ್ಕs ಬಂತೇನ್ರಿ?’

ಅವರು ನಗಲಿಲ್ಲ. ಅದಕ್ಕೆ ಇವತ್ತಿಗೂ ನಾನು ಋಣಿ. ‘ನಿನ್ನ ಗಂಡ ಆ ಕೋಣೇಲಿ ಕೂತು ತೊಳೆದಿದ್ರೆ ಅವರಿಗೂ ಇದೇ ಬರ್ತಿತ್ತು’ ಎಂದರು.

ಬರುವಾಗ ಹರಪನಹಳ್ಳಿಯಲ್ಲಿ ಗೌಡರು ಜೀಪು ನಿಲ್ಲಿಸಿ ಚಹಾ ತರಿಸಿದರು. ಬೆರಳಿಗೆ ಲೋಟ ನಿಲ್ಲುವುದಿಲ್ಲವೆಂದು ಬಟ್ಟಲಿಗೆ ಹುಯ್ಯಿಸಿ ಕೊಟ್ಟರು. ಊರು ಬಂದಾಗ ಇಷ್ಟು ಹೇಳಿದರು. ‘ಈರಣ್ಣ, ನಮ್ಮ ಬಂದೂಕು ಹ್ಯಾಂಗೈತೋ ಹಂಗs ಕಳಿಸಿಬಿಡು. ತೊಳೀಬ್ಯಾಡ.’ ದನಿ ಏರಿಸಲಿಲ್ಲ. ಬೈದಿದ್ದರೆ ನಾವೂ ಒಂದು ಮಾತು ಹಿಂದಿರುಗಿಸಬಹುದಿತ್ತು. ಸುದ್ದಿ ಗಿರಾಕಿಗಳಿಗೆ ತಲುಪಿ, ನವಮಿಯೊಳಗೆ ಉಳಿದವರೂ ಒಬ್ಬೊಬ್ಬರಾಗಿ ಬಂದು ತಮ್ಮ ಬಂದೂಕು ಒಯ್ದರು. ನಮ್ಮವರು ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಕೆಲಸಕ್ಕೆ ಹೋಗತೊಡಗಿದರು.

ಡಾಕ್ಟರ್ ಹೇಳಿದಂತೆ ರೋಗ ಮೊದಲು ಹೆಚ್ಚಾಯಿತು. ಹೇಳಿರದಿದ್ದರೆ ನಾನು ನಂಬಿಕೆ ಕಳೆದುಕೊಳ್ಳುತ್ತಿದ್ದೆ. ಬಚ್ಚಲಿಗೆ ಅಂಬೆಗಾಲಲ್ಲಿ ಹೋಗುವ ಸ್ಥಿತಿ ಬಂತು. ಮೈ ತೊಳೆದು ಸೀರೆ ಉಡಿಸಿದವರು ನಮ್ಮತ್ತೆ. ಮದುವೆಯಾಗಿ ಬಂದವಳನ್ನು ಅತ್ತೆ ಬೆತ್ತಲೆ ನೋಡುವುದೆಂದರೆ ನೆಲ ಬಾಯಿಬಿಡಬಾರದೇ ಎನಿಸುತ್ತದೆ. ಅವರು ನೀರು ಹುಯ್ಯುತ್ತ ಒಂದು ದಿನ, ‘ಕಿಡಕಿ ಹಾಕ್ಕೋ ಅಂದಾಕಿ ನಾನs’ ಎಂದರು. ಅದಾದ ಮೇಲೆ ದೇವಿಯ ಮುನಿಸಿನ ಮಾತು ಅವರ ಬಾಯಲ್ಲಿ ಬರಲಿಲ್ಲ. ನನ್ನ ತಟ್ಟೆ ಮತ್ತೆ ಎಲ್ಲರ ತಟ್ಟೆಗಳ ಜೊತೆ ಸೇರಿತು.

ಚೇತರಿಕೆ ಎಂಬುದು ಕಂಡೂ ಕಾಣದ ಹಾಗೆ ಬಂತು. ನೆಲದ ತಂಪು ಹಿಮ್ಮಡಿಗೆ ತಿಳಿಯಿತು. ಸಾಸಿವೆ ಕಾಳು ಬೆರಳಿಗೆ ಸಿಕ್ಕಿತು, ಆ ದಿನ ಒಗ್ಗರಣೆ ಸೀದುಹೋಗುವ ತನಕ ಅದನ್ನೇ ಹೊರಳಿಸುತ್ತ ಕುಳಿತಿದ್ದೆ. ಎರಡು ವರ್ಷ ಕಳೆಯುವಷ್ಟರಲ್ಲಿ ರೊಟ್ಟಿ ತೆಳ್ಳಗಾಯಿತು, ಮೊದಲಿನಷ್ಟಲ್ಲ. ಅಂಗಾಲು ಇಂದಿಗೂ ಅರ್ಧ ನನ್ನದು, ಅರ್ಧ ಯಾರದೋ. ಶಾಂತಮ್ಮ ಮತ್ತೆ ಹೆಪ್ಪಿಗೆ ಬರುತ್ತಾಳೆ. ಅವಳು ಕೇಳಿದಾಗಲೇ ನಾನು ಮೊದಲ ಸಲ ವಾಯು ಎಂದದ್ದು.

ಕಟ್ಟಳೆಯ ಹಂಗಿಲ್ಲದ ಕೆಲವರ ಬಂದೂಕು ಮತ್ತೆ ಬರತೊಡಗಿದವು. ನಮ್ಮವರು ಹಿತ್ತಿಲ ಬಯಲಲ್ಲಿ, ದಾವಣಗೆರೆಯಿಂದ ತಂದ ದಪ್ಪ ಗ್ಲೌಸು ಹಾಕಿಕೊಂಡು ತಾವೇ ತೊಳೆಯುತ್ತಿದ್ದರು. ಸಾಲ್ವೆಂಟು ಬಿಟ್ಟು ಮತ್ತೆ ಸೀಮೆಎಣ್ಣೆಗೆ ಬಂದಿದ್ದೆವು. ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದೆ. ಬಹಳ ದಿನಗಳಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದೆ.

‘ಅವತ್ತು ಡಾಕ್ಟ್ರ ಮುಂದ ನಾ ಬಾಯಿ ಬಿಡದಿದ್ರ, ನೀವು ಹೇಳ್ತಿದ್ರೇನ್ರಿ?’

ಅವರು ಸರಳು ಆಡಿಸುವುದನ್ನು ನಿಲ್ಲಿಸಿದರು. ಸುಳ್ಳು ಹೇಳಬಹುದಿತ್ತು.

‘ಇಲ್ಲ’ ಎಂದರು. ‘ಗೌಡ್ರು ಹೊರಗ ಹೋದ್ರ ಹೇಳೋಣಂತ ನಿಂತಿದ್ದೆ. ಅವ್ರು ಹೋಗದಿದ್ರ ಹೇಳ್ತಿದ್ದಿಲ್ಲ. ನಿನ್ನ ಹಂಗs ಊರಿಗೆ ಕರ್ಕೊಂಡು ಬರ್ತಿದ್ದೆ.’

ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆಯೇ. ನನ್ನ ಗಂಡನ ಬಗ್ಗೆ, ನನ್ನ ಬಗ್ಗೆ. ರೋಗ ಅವರಿಗೆ ಬಂದಿದ್ದು, ಪಕ್ಕದಲ್ಲಿ ನಾನು ನಿಂತಿದ್ದರೆ? ಆಗಿನ ನಾನೂ ಕ್ಯಾಲೆಂಡರ್ ನೋಡುತ್ತಿದ್ದೆನೇನೋ. ಅದನ್ನು ಅಲ್ಲವೆಂದು ಹೇಳಲು ನನಗೆ ಧೈರ್ಯವಿಲ್ಲ. ಅವರು ತಲೆ ತಗ್ಗಿಸಿಕೊಂಡು ಮತ್ತೆ ನಳಿಗೆಗೆ ಕೈ ಹಾಕಿದಾಗ ನೋಡಿದೆ, ಗ್ಲೌಸಿನ ಹೆಬ್ಬೆರಳು ಹರಿದು ಹೋಗಿತ್ತು. ಎಣ್ಣೆ ಒಳಗಿಳಿದು ಅಂಗೈಯೆಲ್ಲ ನೆನೆದಿತ್ತು.

ಎದ್ದು ಹೋಗಿ ಸರಳು ಕಸಿದುಕೊಂಡೆ. ‘ಹೊಸವು ತರೋತನಕ ತೊಳೀಬ್ಯಾಡ್ರಿ.’

‘ಗಿರಾಕಿ ಕುಂತಾನಲ್ಲೇ.’

‘ಕುಂದರ್ಲಿ. ನಾಳೆ ಈ ರೋಗ ನಿಮ್ಮ ಕೈಗೂ ಬಂದ್ರ ನಾ ಸುಮ್ಮನ ನಿಂದ್ರಾಕಿ ಅಲ್ಲ. ಯಾರ ಮುಂದಾದ್ರೂ ಹೇಳ್ತೀನ್ರಿ. ನಿಮ್ಮ ಮರ್ಯಾದಿ ಹೋದ್ರೂ ಹೇಳ್ತೀನಿ.’

ಅಂಗಡಿಯ ಮುಂದೆ ಕುಳಿತಿದ್ದವನಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದೆ.